ಗೆಲುವು ಯಾರ ಲೆಕ್ಕಕ್ಕೆ?

ಚೆಂಡು ದಾಂಡುಗಳ ಆಟ ಯಾವ ದೇಶದಲ್ಲಿಯೇ ಹುಟ್ಟಿರಲಿ, ಪಂದ್ಯವು ಮುಗಿದು ಜನರು ಮನೆಯ ದಾರಿ ಹಿಡಿದ ಮೇಲೆ ಅಂಕಗಳನ್ನು ಬರೆಯುವವನ ಮುಂದೆ ಒಂದು ಪ್ರಶ್ನೆ ಉಳಿಯುತ್ತದೆ: ಈ ದಿನದ ಜಯವು ಯಾರಿಂದ ಬಂದುದು, ಅದನ್ನು ಯಾರ ಹೆಸರಿನ ಮುಂದೆ ಬರೆಯತಕ್ಕದ್ದು? ನಮ್ಮ ಕ್ರಿಕೆಟ್ ಈ ಪ್ರಶ್ನೆಗೆ ಒಂದು ಬಗೆಯ ಉತ್ತರವನ್ನು ಕೊಟ್ಟಿದೆ. ಅಮೆರಿಕದ ಬೇಸ್‌ಬಾಲ್ ಅದಕ್ಕೆ ತೀರ ಭಿನ್ನವಾದ ಉತ್ತರವನ್ನು ಕೊಟ್ಟಿದೆ. ರಾಯಚೂರಿನ ಬಯಲುಗಳಲ್ಲಿಯೂ, ಮಾನ್ವಿಯ ಗದ್ದೆಗಳ ಅಂಚಿನಲ್ಲಿಯೂ, ದೇವದುರ್ಗದ ಎರೆಹೊಲಗಳ ಬದಿಯಲ್ಲಿಯೂ ಸಂಜೆಯಾಗುತ್ತಲೇ ಚೆಂಡು ಹಿಡಿದು ಓಡುವ ಸಾವಿರಾರು ಹುಡುಗರಿಗೆ ಈ ಎರಡು ಉತ್ತರಗಳ ನಡುವಣ ಅಂತರವು ದೂರದ ವಿಷಯವೆಂದು ತೋರಬಹುದು. ಆದರೆ ಅವರಲ್ಲಿ ಚೆಂಡೆಸೆಯುವವರಿಗೆ ಸಲ್ಲಬೇಕಾದ ಮನ್ನಣೆ ಏಕೆ ಸಲ್ಲುತ್ತಿಲ್ಲವೆಂಬುದನ್ನು ತಿಳಿಯಬೇಕಾದರೆ ಈ ಅಂತರವನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಅವಶ್ಯಕ.

ನಮ್ಮ ಸೀಮೆಯ ಹತ್ತಿಯ ಹೊಲದಲ್ಲಿ ನಡೆಯುವ ಒಂದು ರೂಢಿ ಇಲ್ಲಿ ನೆನಪಿಗೆ ಬರುತ್ತದೆ. ಹತ್ತಿ ಬಿಡಿಸಲು ಬಂದ ಹೆಣ್ಣುಮಕ್ಕಳು ಬಿಡಿಸಿದ ಹತ್ತಿಯನ್ನು ಸಂಜೆ ತೂಗಿ, ಅವರವರ ಹೆಸರಿನ ಮುಂದೆ ಇಷ್ಟಿಷ್ಟು ಕಿಲೋ ಎಂದು ಬರೆದುಕೊಳ್ಳುತ್ತಾರೆ. ಆ ವರ್ಷದ ಬೆಳೆ ಗೆದ್ದಿತೇ ಸೋತಿತೇ ಎಂಬುದು ಮಾತ್ರ ಹೊಲದ ಲೆಕ್ಕಕ್ಕೆ ಸೇರಿದುದು. ಕ್ರಿಕೆಟ್ಟಿನ ಕ್ರಮವೂ ಇಂತಹುದೇ. ಬೌಲರನು ಪಡೆದ ವಿಕೆಟ್ಟುಗಳು ಅವನ ಹೆಸರಿನಲ್ಲಿ ದಾಖಲಾಗುತ್ತವೆ, ಗೆಲುವು ತಂಡದ ಹೆಸರಿನಲ್ಲಿ ದಾಖಲಾಗುತ್ತದೆ. ಒಂದನ್ನು ಇನ್ನೊಂದರೊಡನೆ ಬೆರೆಸುವ ಪದ್ಧತಿ ಇಲ್ಲ. ಬೇಸ್‌ಬಾಲಿನವರಾದರೋ ಗೆಲುವನ್ನೇ ಒಬ್ಬ ಮನುಷ್ಯನ ಹೆಸರಿಗೆ ಬರೆದುಬಿಟ್ಟರು.

ಅಮೆರಿಕದ ಲೆಕ್ಕ

ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅವನು ದಾಂಡಿಗನಿಂದ ಸುಮಾರು 18.4 ಮೀಟರ್ ದೂರದಲ್ಲಿ, ಅಂಗಣದ ನಡುವೆ ಕೊಂಚ ಎತ್ತರಿಸಿದ ಮಣ್ಣಿನ ದಿಬ್ಬದ ಮೇಲೆ ನಿಂತು ಎಸೆಯುತ್ತಾನೆ. ನಮ್ಮ ಬೌಲರನಿಗಿರುವ ದೀರ್ಘವಾದ ಓಟ ಅವನಿಗಿಲ್ಲ. ಚೆಂಡನ್ನು ನೆಲಕ್ಕೆ ಬಡಿದು ಪುಟಿಯುವಂತೆ ಎಸೆಯುವ ವಾಡಿಕೆಯೂ ಇಲ್ಲ. ಮಡಿಸಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತ ಎಸೆಯಬಾರದೆಂಬ ನಿಷೇಧವೂ ಇಲ್ಲ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸಿನಲ್ಲಿಯೂ ಪ್ರತಿಯೊಂದು ತಂಡಕ್ಕೆ ಮೂರು ಔಟ್. ಹೀಗೆ ಒಂದು ಸಾಮಾನ್ಯ ಪಂದ್ಯದಲ್ಲಿ ಎದುರಾಳಿಯ 27 ಔಟ್‌ಗಳನ್ನು ಗಳಿಸುವ ಹೊಣೆ ಪಿಚರುಗಳ ಮೇಲೆ ಬೀಳುತ್ತದೆ. ಹಿಂದಿನ ಕಾಲದಲ್ಲಿ ಒಬ್ಬನೇ ಆದಿಯಿಂದ ಅಂತ್ಯದವರೆಗೆ ಎಸೆಯುವುದು ವಾಡಿಕೆಯಾಗಿದ್ದುದರಿಂದ, ಗೆದ್ದ ಪಂದ್ಯವನ್ನು ಅವನ ಹೆಸರಿಗೆ ಬರೆಯುವುದು ಸಹಜವೆಂದೇ ಕಂಡಿತು. ಮುಂದೆ ಒಂದೇ ಪಂದ್ಯದಲ್ಲಿ ಹಲವರು ಎಸೆಯಲು ಆರಂಭಿಸಿದಾಗ ನಿಯಮವು ಜಟಿಲವಾಯಿತು: ತಂಡವು ಕೊನೆಯವರೆಗೆ ಕೈಬಿಡದಂತಹ ಮುನ್ನಡೆಯನ್ನು ಪಡೆದ ಹೊತ್ತಿಗೆ ಯಾವ ಪಿಚರನು ಕಣದಲ್ಲಿದ್ದನೋ ಅವನಿಗೆ ಗೆಲುವು ಸಲ್ಲಬೇಕು; ಅವನು ಪಂದ್ಯವನ್ನು ಪ್ರಾರಂಭಿಸಿದವನಾದರೆ ಕನಿಷ್ಠ ಐದು ಇನಿಂಗ್ಸ್ ಎಸೆದಿರಬೇಕು.

ಈ ಲೆಕ್ಕದ ಬಲದಿಂದಲೇ ಅಮೆರಿಕದಲ್ಲಿ ಮಹಾಪುರುಷರ ಒಂದು ಪರಂಪರೆ ಬೆಳೆಯಿತು. 1890ರಿಂದ 1911ರವರೆಗೆ ಆಡಿದ ಸೈ ಯಂಗ್ ಎಂಬವನ ಹೆಸರಿನಲ್ಲಿ 511 ಗೆಲುವುಗಳಿವೆ. ಪ್ರತಿ ವರ್ಷ ಅತ್ಯುತ್ತಮ ಪಿಚರನಿಗೆ ಕೊಡುವ ಪ್ರಶಸ್ತಿಗೆ ಇಂದಿಗೂ ಅವನ ಹೆಸರೇ ಇದೆ. 1968ರಲ್ಲಿ ಡೆಟ್ರಾಯಿಟ್ ನಗರದ ತಂಡಕ್ಕಾಗಿ ಡೆನ್ನಿ ಮೆಕ್‌ಲೇನ್ 31 ಪಂದ್ಯಗಳನ್ನು ಗೆದ್ದನು. ಅಂದಿನಿಂದ ಈವರೆಗೆ ಒಂದು ಋತುವಿನಲ್ಲಿ ಮೂವತ್ತು ಗೆಲುವುಗಳನ್ನು ಮುಟ್ಟಿದವರು ಮತ್ತಾರೂ ಇಲ್ಲ. 1884ರಷ್ಟು ಹಿಂದೆ ಚಾರ್ಲ್ಸ್ ರಾಡ್‌ಬರ್ನ್ ಎಂಬವನು ಒಂದೇ ಋತುವಿನಲ್ಲಿ ಗೆದ್ದ ಪಂದ್ಯಗಳು 59 ಎಂದು ಕೆಲವರೂ, 60 ಎಂದು ಕೆಲವರೂ ಬರೆಯುತ್ತಾರೆ. ಈ ಭೇದಕ್ಕೆ ಕಾರಣವು ಬೇರೊಬ್ಬನು ಆರಂಭಿಸಿದ ಒಂದು ಪಂದ್ಯದಲ್ಲಿ ರಾಡ್‌ಬರ್ನ್ ನಡುವೆ ಬಂದು ಎಸೆದುದು. ಆ ಜಯವು ಇಬ್ಬರಲ್ಲಿ ಯಾರಿಗೆ ಸೇರಬೇಕೆಂಬ ವಿಷಯದಲ್ಲಿ ನೂರು ವರ್ಷಗಳು ಕಳೆದರೂ ಏಕಾಭಿಪ್ರಾಯವಿಲ್ಲ. ಗೆಲುವನ್ನು ಒಬ್ಬನ ಸ್ವತ್ತನ್ನಾಗಿ ಮಾಡುವುದು ಎಷ್ಟು ಕಷ್ಟವೆಂಬುದಕ್ಕೆ ಈ ಒಂದು ಪಂದ್ಯವೇ ಸಾಕ್ಷಿ.

ಈ ಕಷ್ಟವು ಸ್ಪಷ್ಟವಾಗಿ ಬಯಲಿಗೆ ಬಂದುದು 2010ರ ಋತುವಿನಲ್ಲಿ. ಅಮೆರಿಕದ ಎರಡು ಪ್ರಧಾನ ಲೀಗುಗಳಲ್ಲಿ ಆ ವರ್ಷ ಗೆಲುವುಗಳ ಪಟ್ಟಿಯ ಶಿಖರದಲ್ಲಿದ್ದವರು ಇಬ್ಬರು. ನ್ಯಾಷನಲ್ ಲೀಗಿನಲ್ಲಿ ಫಿಲಡೆಲ್ಫಿಯಾದ ರಾಯ್ ಹ್ಯಾಲಡೆ 21 ಪಂದ್ಯಗಳನ್ನು ಗೆದ್ದನು; ಅಮೆರಿಕನ್ ಲೀಗಿನಲ್ಲಿ ನ್ಯೂಯಾರ್ಕಿನ ಸಿ. ಸಿ. ಸಬಾಥಿಯಾ ಸಹ 21 ಪಂದ್ಯಗಳನ್ನೇ ಗೆದ್ದನು. ಹ್ಯಾಲಡೆ ಆ ವರ್ಷದ ಮೇ 29ರಂದು ಎದುರಿಗೆ ಬಂದ 27 ದಾಂಡಿಗರನ್ನೂ ಒಬ್ಬನೂ ಮೊದಲ ಠಾವನ್ನು ಮುಟ್ಟದಂತೆ ಹಿಂದಕ್ಕೆ ಕಳುಹಿಸಿದವನು. ಅವನ ಲೀಗಿನ ಪ್ರಶಸ್ತಿ ಅವನಿಗೇ ಸಂದಿತು. ಆದರೆ ಅಮೆರಿಕನ್ ಲೀಗಿನ ಪ್ರಶಸ್ತಿಯು ಸಬಾಥಿಯಾನಿಗೆ ಬರಲಿಲ್ಲ. ಸಿಯಾಟಲ್ ನಗರದ ಫೆಲಿಕ್ಸ್ ಹರ್ನಾಂಡೆಜ್‌ಗೆ ಅದು ಹೋಯಿತು. ಅವನ ಗೆಲುವುಗಳು 13, ಸೋಲುಗಳು 12. ಅವನು ಚೆಂಡೆಸೆದ ಬಗೆಯಲ್ಲಿ ನ್ಯೂನತೆಯಿರಲಿಲ್ಲ. ಅವನ ತಂಡದ ದಾಂಡಿಗರು ಅವನಿಗಾಗಿ ಓಟಗಳನ್ನು ಗಳಿಸಿಕೊಡಲಿಲ್ಲ, ಅಷ್ಟೇ. ಒಂಬತ್ತು ಇನಿಂಗ್ಸಿಗೆ ಸರಾಸರಿ 2.27 ಓಟಗಳಿಗಿಂತ ಹೆಚ್ಚನ್ನು ಅವನು ಬಿಟ್ಟುಕೊಡಲಿಲ್ಲ. ಆದರೂ ಸ್ವಂತ ತಂಡದವರು ಒಂದೋ ಎರಡೋ ಓಟಗಳಲ್ಲಿ ನಿಂತ ದಿನ ಸೋಲು ಅವನ ಹೆಸರಿಗೇ ಬೀಳುತ್ತಿತ್ತು. ಪ್ರಶಸ್ತಿ ಕೊಟ್ಟವರು ಆ ವರ್ಷ ಗೆಲುವಿನ ಅಂಕಣವನ್ನು ಬದಿಗಿರಿಸಿ ಎಸೆತದ ಗುಣವನ್ನೇ ನೋಡಿದರು. 2018ರಲ್ಲಿ ಕೇವಲ ಹತ್ತು ಗೆಲುವುಗಳ ಜೇಕಬ್ ಡಿಗ್ರಾಮ್‌ಗೆ ನ್ಯಾಷನಲ್ ಲೀಗಿನ ಅದೇ ಪ್ರಶಸ್ತಿ ಸಂದಾಗ, ಶತಮಾನದ ನಂಬಿಕೆಯೊಂದು ನಿಜವಾಗಿಯೂ ಸಡಿಲಿತೆಂದು ಹೇಳಬಹುದು.

ನಮ್ಮ ರಣಜಿಯ ಲೆಕ್ಕ

ಇತ್ತ ನಮ್ಮ ದೇಶದಲ್ಲಿ, ಪ್ರಾಂತಗಳ ನಡುವಣ ಕ್ರಿಕೆಟ್ ಪಂದ್ಯಾವಳಿಯಾದ ರಣಜಿ ಟ್ರೋಫಿಯ ಮೊದಲ ಪಂದ್ಯವು ಬೌಲರನೊಬ್ಬನ ಪರಾಕ್ರಮದಿಂದಲೇ ಆರಂಭವಾಯಿತು. ಅದರ ಪೆಟ್ಟನ್ನು ತಿಂದವರು ಮೈಸೂರಿನವರೇ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಅಂಗಣದಲ್ಲಿ ಮದರಾಸು ಮತ್ತು ಮೈಸೂರು ತಂಡಗಳು ಎದುರೆದುರಾದವು. ಎ. ಜಿ. ರಾಮಸಿಂಗ್ ಎಂಬ ಎಡಗೈ ಬೌಲರು ಎರಡು ಇನಿಂಗ್ಸುಗಳಲ್ಲಿ ಸೇರಿ ಕೇವಲ 35 ರನ್ನುಗಳಿಗೆ 11 ವಿಕೆಟ್ ಪಡೆದರು. ಮೈಸೂರು 48 ಮತ್ತು 59 ರನ್ನುಗಳಿಗೆ ಕುಸಿಯಿತು. ಪಂದ್ಯವು ಅದೇ ದಿನ ಸಂಜೆಗೆ ಮುಗಿದುಹೋಯಿತು. ಆದರೂ ದಾಖಲೆಯಲ್ಲಿ ಆ ಜಯವು ಮದರಾಸಿನದೇ ಹೊರತು ರಾಮಸಿಂಗರದಲ್ಲ. ಅವರ ಹೆಸರಿನ ಮುಂದೆ ಇರುವುದು ಹನ್ನೊಂದು ವಿಕೆಟ್ಟುಗಳು ಮಾತ್ರ.

ಒಂದು ರಣಜಿ ಋತುವಿನಲ್ಲಿ ಅತ್ಯಧಿಕ ವಿಕೆಟ್ ಪಡೆದವನೆಂದರೆ ಬೇಸ್‌ಬಾಲಿನಲ್ಲಿ ಅತ್ಯಧಿಕ ಗೆಲುವುಗಳನ್ನು ಪಡೆದವನಿಗೆ ಸಮಾನನೆಂದು ಸ್ಥೂಲವಾಗಿ ಎಣಿಸಬಹುದು. ಈ ಪಟ್ಟಿಯಲ್ಲಿ ಬಹುಕಾಲ ಅಗ್ರಸ್ಥಾನದಲ್ಲಿದ್ದುದು 1974-75ರಲ್ಲಿ ದೆಹಲಿಯ ಬಿಷನ್ ಸಿಂಗ್ ಬೇಡಿ ಪಡೆದ 64 ವಿಕೆಟ್. ನಾಲ್ಕು ದಶಕಗಳಿಗೂ ಮಿಕ್ಕಿ ಅದು ಅಲುಗದೆ ನಿಂತಿತು. 2018-19ರಲ್ಲಿ ಬಿಹಾರದ ಅಶುತೋಷ್ ಅಮನ್ 68 ವಿಕೆಟ್ಟುಗಳಿಂದ ಅದನ್ನು ದಾಟಿದರು; 2024-25ರಲ್ಲಿ ವಿದರ್ಭದ ಹರ್ಷ ದುಬೆ 69ಕ್ಕೆ ಏರಿಸಿದರು. ಬೇಡಿಯವರ ದಾಖಲೆ ಅಭಂಗವಾಗಿದ್ದ ಆ ನಡುಗಾಲದಲ್ಲಿ ಅದರ ಹತ್ತಿರಕ್ಕೆ ಬಂದ ಇಬ್ಬರೆಂದರೆ, 1999-2000ರಲ್ಲಿ 62 ವಿಕೆಟ್ ಪಡೆದ ಹೈದರಾಬಾದಿನ ಕನ್ವಲ್ಜೀತ್ ಸಿಂಗ್, ಹಾಗೂ ಅದರ ಹಿಂದಿನ ಋತುವಿನಲ್ಲಿಯೇ ಅಷ್ಟೇ ವಿಕೆಟ್ ಪಡೆದ ನಮ್ಮ ದೊಡ್ಡ ಗಣೇಶ್.

ಕನ್ವಲ್ಜೀತರು ಸ್ಪಿನ್ ಬೌಲರು, ಬೇಡಿಯವರೂ ಸ್ಪಿನ್ ಬೌಲರು. ಗಣೇಶರಾದರೋ ಓಡಿಬಂದು ಮಧ್ಯಮ ವೇಗದಲ್ಲಿ ಎಸೆಯುವವರು. ಭಾರತದ ನೆಲದಲ್ಲಿ ಒಣಗಿದ ಪಿಚ್ಚುಗಳು ವೇಗದ ಬೌಲರನಿಗೆ ಸಹಾಯ ಮಾಡುವುದು ಹೊಸ ಚೆಂಡಿನ ಮೊದಲ ಕೆಲವು ಓವರುಗಳಲ್ಲಿ ಮಾತ್ರ. ಆಮೇಲೆ ಚೆಂಡಿನ ಹೊಳಪು ಮಾಯವಾಗಿ, ಬಿಸಿಲು ಏರಿ, ದಾಂಡಿಗನು ನೆಲೆಯೂರಿದ ಮೇಲೆ, ಒಂದೊಂದು ವಿಕೆಟ್ಟಿಗೂ ಬೌಲರನು ಬೆವರು ಸುರಿಸಬೇಕಾಗುತ್ತದೆ. 1998-99ರಲ್ಲಿ ಜಾವಗಲ್ ಶ್ರೀನಾಥ್, ವೆಂಕಟೇಶ ಪ್ರಸಾದ್, ಅನಿಲ್ ಕುಂಬ್ಳೆಯವರು ಋತುವಿನ ಬಹುಭಾಗ ಭಾರತ ತಂಡದೊಡನೆ ಇದ್ದರು; ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ ಉರುಳಿಸಿದುದು ಈ ಋತುವಿನ ನಡುವೆಯೇ, 1999ರ ಫೆಬ್ರವರಿಯಲ್ಲಿ. ಅವರೆಲ್ಲರೂ ಬಿಟ್ಟುಹೋದ ಭಾರವನ್ನು ಹೊತ್ತವರು ಗಣೇಶ್. ಎರಡು ವರ್ಷಗಳ ಹಿಂದೆ, 1997ರಲ್ಲಿ, ಭಾರತಕ್ಕಾಗಿ ನಾಲ್ಕು ಟೆಸ್ಟುಗಳನ್ನಾಡಿ, ಆ ಬಳಿಕ ಅಲ್ಲಿ ಸ್ಥಾನ ದೊರೆಯದೆ ಹಿಂದಿರುಗಿದ್ದ ಅವರು ನಿರಾಶರಾಗದೆ ತಮ್ಮ ನಾಡಿಗಾಗಿ ಓಡಿ ಓಡಿ ಎಸೆದು ಕರ್ನಾಟಕವನ್ನು ಅಂತಿಮ ಪಂದ್ಯದವರೆಗೆ ತಂದು ನಿಲ್ಲಿಸಿದರು.

ಆ ಅಂತಿಮ ಪಂದ್ಯವು ಬೆಂಗಳೂರಿನ ಚಿನ್ನಸ್ವಾಮಿ ಅಂಗಣದಲ್ಲಿ ಮಧ್ಯಪ್ರದೇಶದೊಡನೆ ನಡೆಯಿತು. ಮಧ್ಯಪ್ರದೇಶವು ಮೊದಲ ಇನಿಂಗ್ಸಿನಲ್ಲಿ 75 ರನ್ನುಗಳ ಮುನ್ನಡೆಯನ್ನು ಪಡೆದಿತ್ತು. ಪಂದ್ಯವು ಡ್ರಾ ಆದರೆ ಟ್ರೋಫಿ ಅವರದೇ. ಕೊನೆಯ ದಿನ ಅವರಿಗೆ ಗೆಲ್ಲಲು 247 ರನ್ ಗುರಿ ಎದುರಿಗಿದ್ದರೂ ಗುರಿಯನ್ನು ಬೆನ್ನಟ್ಟುವ ನಿರ್ಬಂಧವಿರಲಿಲ್ಲ; ಸಂಜೆಯವರೆಗೆ ವಿಕೆಟ್ ಕಾಯ್ದುಕೊಂಡರೆ ಸಾಕಾಗಿತ್ತು. ಆಗ ಚೆಂಡು ಹಿಡಿದವರು ವಿಜಯ್ ಭಾರದ್ವಾಜ್. ಆ ಋತುವಿನಲ್ಲಿ ಸಾವಿರಕ್ಕೂ ಹೆಚ್ಚು ರನ್ ಗಳಿಸಿ ಮುಖ್ಯವಾಗಿ ದಾಂಡಿಗರೆಂದು ಹೆಸರಾಗಿದ್ದ ಅವರು ತಮ್ಮ ಆಫ್ ಸ್ಪಿನ್ನಿನಿಂದ 24 ರನ್ನುಗಳಿಗೆ ಆರು ವಿಕೆಟ್ ಪಡೆದರು. ಮಧ್ಯಪ್ರದೇಶ 150ಕ್ಕೆ ಮುಗಿದು, ಕರ್ನಾಟಕವು 96 ರನ್ನುಗಳಿಂದ ಗೆದ್ದಿತು. ಸೋತ ತಂಡದ ನಾಯಕ ಚಂದ್ರಕಾಂತ ಪಂಡಿತರು ಆ ದಿನದ ನೋವನ್ನು ಇಪ್ಪತ್ತಮೂರು ವರ್ಷ ಹೊತ್ತು, 2022ರಲ್ಲಿ ಅದೇ ಅಂಗಣದಲ್ಲಿ ಮಧ್ಯಪ್ರದೇಶದ ತರಬೇತುದಾರರಾಗಿ ನಿಂತು ಟ್ರೋಫಿಯನ್ನು ಗೆದ್ದುಕೊಟ್ಟುದು ಇನ್ನೊಂದು ರಮ್ಯವಾದ ಕಥೆ.

ನಮ್ಮ ವಿಚಾರಕ್ಕೆ ಬೇಕಾದುದು ಇಷ್ಟು: ಅಮೆರಿಕದವರಂತೆ ನಾವೂ ಗೆಲುವನ್ನು ಒಬ್ಬನ ಹೆಸರಿಗೆ ಬರೆಯುವವರಾಗಿದ್ದರೆ ಆ ದಿನದ ಗೆಲುವು ಭಾರದ್ವಾಜರ ಹೆಸರಿಗೆ ಹೋಗುತ್ತಿತ್ತು, ತಿಂಗಳುಗಟ್ಟಲೆ ಊರೂರು ತಿರುಗಿ 62 ವಿಕೆಟ್ ಗಳಿಸಿ ತಂಡವನ್ನು ಅಲ್ಲಿಯವರೆಗೆ ತಂದ ಗಣೇಶರ ಶ್ರಮವು ಆ ಒಂದು ಸಾಲಿನಲ್ಲಿ ಕಾಣುತ್ತಿರಲಿಲ್ಲ. ನಮ್ಮ ಪದ್ಧತಿಯಲ್ಲಿ ಇಬ್ಬರ ದುಡಿಮೆಯೂ ಅದರದರ ಅಳತೆಯಲ್ಲಿ ಉಳಿದುಕೊಂಡಿತು.

ಗಂಗೋತ್ರಿಯ ನಾಲ್ಕು ದಿನ

ಗಣೇಶರ ಋತುವು ಗೆಲುವಿನಲ್ಲಿ ಮುಗಿಯಿತು. 2009-10ರ ಋತು ಹಾಗೆ ಮುಗಿಯಲಿಲ್ಲ. ಅದಕ್ಕಾಗಿಯೇ ಅದು ಹೆಚ್ಚು ವಿಚಾರಾರ್ಹವಾದುದು. ಆ ವರ್ಷ ಇಡೀ ದೇಶದ ರಣಜಿ ಬೌಲರರ ಪಟ್ಟಿಯಲ್ಲಿ ಪ್ರಥಮ ಸ್ಥಾನದಲ್ಲಿದ್ದವರು ಕರ್ನಾಟಕದ ಅಭಿಮನ್ಯು ಮಿಥುನ್, 47 ವಿಕೆಟ್. ಅವರ ಬೆನ್ನಿಗೇ ಇದ್ದವರು ಕರ್ನಾಟಕದವರೇ ಆದ ಆರ್. ವಿನಯ್ ಕುಮಾರ್, 46 ವಿಕೆಟ್. ಒಂದೇ ತಂಡದ ಇಬ್ಬರು ವೇಗದ ಬೌಲರರು ರಾಷ್ಟ್ರದ ಅಗ್ರಪಂಕ್ತಿಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುವುದು ವಿರಳವಾದ ಸಂಗತಿ.

ಇಬ್ಬರೂ ಬಂದ ದಾರಿಗಳು ಬೇರೆ ಬೇರೆ. ಮಿಥುನ್ ಬೆಂಗಳೂರಿನವರು, ಹದಿಹರೆಯದಲ್ಲಿ ಅವರು ಡಿಸ್ಕಸ್ ಎಸೆತದ ಕ್ರೀಡಾಪಟುವಾಗಿದ್ದರು, ತೊಗಲಿನ ಚೆಂಡನ್ನು ಹಿಡಿದುದೇ ತಡವಾಗಿ. ಆ ಋತುವಿನಲ್ಲಿಯೇ ಅವರ ಪ್ರಥಮ ರಣಜಿ ಪಂದ್ಯ, ಮೀರತ್ತಿನಲ್ಲಿ ಉತ್ತರ ಪ್ರದೇಶದ ಎದುರು. ಅಲ್ಲಿಯೇ ಹ್ಯಾಟ್ರಿಕ್ ಸಹಿತವಾಗಿ 11 ವಿಕೆಟ್ ಪಡೆದು, ಹೊಸಬನು ಯಾರೆಂದು ದೇಶವು ವಿಚಾರಿಸುವಂತೆ ಮಾಡಿದರು. ವಿನಯ್ ಕುಮಾರರು ದಾವಣಗೆರೆಯವರು, ಆಟೋರಿಕ್ಷಾ ಓಡಿಸುತ್ತಿದ್ದ ತಂದೆಯ ಮಗ. ಅವರ ಬೌಲಿಂಗಿನಲ್ಲಿ ಭಯಂಕರವಾದ ವೇಗವಿರಲಿಲ್ಲ. ಆದರೆ ಹೊಸ ಚೆಂಡನ್ನು ಎರಡೂ ಕಡೆಗೆ ಹೊರಳಿಸುವ ಕೌಶಲ್ಯವೂ, ಬೆಳಗಿನಿಂದ ಬೈಗಿನವರೆಗೆ ಅದೇ ಜಾಗದಲ್ಲಿ ಚೆಂಡನ್ನು ಬೀಳಿಸುತ್ತಲೇ ಇರುವ ತಾಳ್ಮೆಯೂ ಇದ್ದವು. ಆ ತಾಳ್ಮೆಯೇ ಮುಂದೆ ಅವರನ್ನು ಪ್ರಥಮ ದರ್ಜೆಯ ಪಂದ್ಯಗಳಲ್ಲಿ 504 ವಿಕೆಟ್ಟುಗಳವರೆಗೆ ಕೊಂಡೊಯ್ಯಿತು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಬಿರುದು ಜಿಲ್ಲೆಯ ಊರೊಂದರ ಹೆಸರನ್ನು ದೇಶದ ಕ್ರಿಕೆಟ್ ನಕ್ಷೆಯಲ್ಲಿ ಬರೆಯಿತು.

2010ರ ಜನವರಿ 11ರಿಂದ 14ರವರೆಗೆ ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಅಂಗಣದಲ್ಲಿ ಮುಂಬಯಿಯೊಡನೆ ಅಂತಿಮ ಪಂದ್ಯ. ಅದು ಗೋಡೆಗಳಿಂದ ಸುತ್ತುವರಿದ ದೊಡ್ಡ ಕ್ರೀಡಾಂಗಣವಲ್ಲ, ಮರಗಳ ನಡುವಣ ವಿಶ್ವವಿದ್ಯಾನಿಲಯದ ಬಯಲು. ವಿದ್ಯಾರ್ಥಿಗಳು ಸಾವಿರಗಟ್ಟಲೆ ಬಂದು ಹಗ್ಗದ ಅಂಚಿನವರೆಗೂ ಕಿಕ್ಕಿರಿದು ನೆರೆದರು. ಮುಂಬಯಿಯ ಮೊದಲ ಇನಿಂಗ್ಸ್ 233. ಅದಕ್ಕೆ ಉತ್ತರವಾಗಿ ಕರ್ನಾಟಕವು ಆವಿಷ್ಕಾರ ಸಾಳ್ವಿಯ ಎಸೆತಕ್ಕೆ ಸಿಕ್ಕಿ 130ಕ್ಕೆ ಮುಗಿಯಿತು. ಅಲ್ಲಿಗೆ ಪಂದ್ಯವು ಕೈಬಿಟ್ಟಿತೆಂದೇ ಅನೇಕರು ಭಾವಿಸಿದರು. ಆದರೆ ಎರಡನೆಯ ಇನಿಂಗ್ಸಿನಲ್ಲಿ ಮಿಥುನ್ ಆರು ವಿಕೆಟ್ ಪಡೆದರು, ಮುಂಬಯಿಯ ಅಗ್ರಕ್ರಮದ ದಾಂಡಿಗರು ಸಾಲಾಗಿ ಹಿಂದಿರುಗಿದರು. ಆ ಕುಸಿತದ ನಡುವೆ ಅಡ್ಡಗಟ್ಟಿ ನಿಂತವರು ದಾಂಡಿಗರಲ್ಲ, ಧವಲ್ ಕುಲಕರ್ಣಿ ಎಂಬ ಬೌಲರು. ಕೆಳಗಿನ ಕ್ರಮಾಂಕದಲ್ಲಿ ಬಂದು ಅವರು ಹೊಡೆದ 87 ರನ್ನುಗಳಿಂದ ಮುಂಬಯಿ 234ಕ್ಕೆ ಮುಟ್ಟಿತು. ಕರ್ನಾಟಕಕ್ಕೆ ಗುರಿ 338.

ಆ ಗುರಿಯ ಕಡೆಗೆ ಮನೀಶ್ ಪಾಂಡೆಯವರು 144 ರನ್ನುಗಳನ್ನೂ, ಗಣೇಶ್ ಸತೀಶ್ ಅವರು 75 ರನ್ನುಗಳನ್ನೂ ಗಳಿಸಿ ನಡೆಸಿದ ಪಯಣವನ್ನು ಅಂದು ಅಲ್ಲಿದ್ದವರು ಇಂದಿಗೂ ಮರೆತಿಲ್ಲ. ಇವರಿಬ್ಬರೂ ಬೇರ್ಪಟ್ಟ ಮೇಲೆ ವಿಕೆಟ್ಟುಗಳು ಒಂದೊಂದಾಗಿ ಉದುರತೊಡಗಿದವು. ಮುಂಬಯಿಯ ಅನುಭವಿ ಅಜಿತ್ ಅಗರ್ಕರ್ ಐದು ವಿಕೆಟ್ ಕಿತ್ತರು. ಬೇಕಾದ ರನ್ನುಗಳು ನೂರರಿಂದ ಐವತ್ತಕ್ಕೆ, ಐವತ್ತರಿಂದ ಇಪ್ಪತ್ತಕ್ಕೆ ಇಳಿದವು. ಒಂದೊಂದು ರನ್ನಿಗೂ ಬಯಲೆಲ್ಲ ಕೂಗುತ್ತಿತ್ತು. ಕೊನೆಗೆ 331ಕ್ಕೆ ಕೊನೆಯ ವಿಕೆಟ್ ಬಿದ್ದಿತು. ಆರು ರನ್ನುಗಳ ಅಂತರದಲ್ಲಿ ಟ್ರೋಫಿ ಮುಂಬಯಿಗೆ ಹೋಯಿತು.

ದೇಶದ ಮೊದಲ ಇಬ್ಬರು ಬೌಲರರನ್ನು ಹೊಂದಿಯೂ ಕರ್ನಾಟಕ ಸೋತಿತು. ಹಾಗಾದರೆ 47 ಮತ್ತು 46 ಎಂಬ ಅಂಕಿಗಳಿಗೆ ಅರ್ಥವಿಲ್ಲವೇ? ಇದೆ, ಆದರೆ ಅವು ಗೆಲುವಿನ ಅಳತೆಗಳಲ್ಲ, ಶ್ರಮದ ಅಳತೆಗಳು. ಅದೇ 2010ರಲ್ಲಿ, ಸಮುದ್ರಗಳ ಆಚೆ, ಹರ್ನಾಂಡೆಜ್‌ನ ಹದಿಮೂರು ಗೆಲುವುಗಳ ಹಿಂದೆ ನಿಂತು ಅಮೆರಿಕದವರು ಕಂಡುಕೊಂಡ ಸತ್ಯವೂ ಇದೇ: ಬೌಲರನು ತನ್ನ ಕೈಯಿಂದ ಹೊರಟ ಚೆಂಡಿಗೆ ಹೊಣೆಗಾರ; ಅವನ ಸಂಗಡಿಗರು ಹಿಡಿಯದ ಕ್ಯಾಚಿಗೂ, ಗಳಿಸದ ರನ್ನಿಗೂ ಅವನು ಹೊಣೆಗಾರನಲ್ಲ. ಅವನ ದುಡಿಮೆಯನ್ನು ಅವನ ಹೆಸರಿನಲ್ಲಿ ಪ್ರತ್ಯೇಕವಾಗಿ ಬರೆದಿಡುವ ಪದ್ಧತಿ ಇದ್ದುದರಿಂದಲೇ, ಸೋತ ತಂಡದ ಮಿಥುನ್ ಆ ವರ್ಷದ ಜುಲೈಯಲ್ಲಿ ಶ್ರೀಲಂಕೆಯ ಗಾಲೆಯಲ್ಲಿ ಭಾರತಕ್ಕಾಗಿ ಟೆಸ್ಟ್ ಆಡಿದರು. ವಿನಯ್ ಕುಮಾರರು ಮುಂದೆ ಕರ್ನಾಟಕದ ನಾಯಕರಾಗಿ 2013-14 ಮತ್ತು 2014-15ರಲ್ಲಿ ಸತತವಾಗಿ ಎರಡು ಬಾರಿ ರಣಜಿ ಟ್ರೋಫಿಯನ್ನು ಎತ್ತಿದರು. ಬರೆದಿಟ್ಟ ಲೆಕ್ಕವು ಸೋತವನನ್ನೂ ಕಾಪಾಡುತ್ತದೆ.

ರಾಯಚೂರು, ದೇವದುರ್ಗ, ಮಾನ್ವಿ

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ್ ಸೀಮೆಯು 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಅಂಗವಾಗಿತ್ತು. 1937-38ರಲ್ಲಿ ಹೈದರಾಬಾದ್ ತಂಡವು ನವಾನಗರವನ್ನು ಒಂದೇ ವಿಕೆಟ್ಟಿನಿಂದ ಸೋಲಿಸಿ ರಣಜಿ ಟ್ರೋಫಿ ಗೆದ್ದಾಗ ರಾಯಚೂರು ಆ ನಾಡಿಗೆ ಸೇರಿದುದಾಗಿತ್ತು. ಏಕೀಕರಣದ ನಂತರ ನಾವು ಸೇರಿದ ಕ್ರಿಕೆಟ್ ಪರಂಪರೆಯು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದುದು; ಅದು ಇಲ್ಲಿಂದ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ದೂರ. ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯಗಳಲ್ಲಿ ಒಂದಕ್ಕೆ ರಾಯಚೂರಿನ ಹೆಸರೇ ಇರುವುದು ನಿಜ. ವಲಯದ ಪಂದ್ಯಗಳಿಂದ ಮೇಲೇರಿ ಬರುವ ದಾರಿ ಇರುವುದೂ ನಿಜ. ಆದರೆ ಆ ದಾರಿಯಲ್ಲಿ ನಡೆದು ಗಮ್ಯವನ್ನು ಮುಟ್ಟಿದವರನ್ನು ಬೆರಳುಗಳಲ್ಲಿ ಎಣಿಸಬಹುದು.

ಮುಟ್ಟಿದವರಲ್ಲಿ ಮೊದಲು ನೆನೆಯಬೇಕಾದವರು ಯರೇಗೌಡರು. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದ ಈ ದಾಂಡಿಗರು ಕರ್ನಾಟಕಕ್ಕೂ ರೈಲ್ವೇಸಿಗೂ ಆಡಿ, ರೈಲ್ವೇಸ್ ತಂಡವು 2001-02ರಲ್ಲಿಯೂ 2004-05ರಲ್ಲಿಯೂ ರಣಜಿ ಟ್ರೋಫಿ ಗೆದ್ದಾಗ ಅದರ ನಡುಕಂಬವಾಗಿದ್ದರು. ಆಮೇಲೆ ತವರಿಗೆ ಮರಳಿ ಕರ್ನಾಟಕದ ನಾಯಕತ್ವವನ್ನೂ ವಹಿಸಿದರು. ಅಬ್ಬರವಿಲ್ಲದೆ, ತಂಡವು ಸಂಕಟದಲ್ಲಿದ್ದಾಗ ಗಂಟೆಗಟ್ಟಲೆ ಕ್ರೀಸಿನಲ್ಲಿ ನಿಲ್ಲುವುದು ಅವರ ಧರ್ಮವಾಗಿತ್ತು. ಬೌಲರರ ಸಾಲಿನಲ್ಲಿ ಈ ಊರಿನ ಹೆಸರನ್ನು ಮುಂದಕ್ಕೆ ಒಯ್ದವರು ವಿದ್ಯಾಧರ ಪಾಟೀಲರು. ರಾಯಚೂರಿನ ಈ ವೇಗದ ಬೌಲರು ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ರಣಜಿ ತಂಡದಲ್ಲಿ ಹೊಸ ಚೆಂಡನ್ನು ಹಿಡಿದಿದ್ದಾರೆ. ದಾವಣಗೆರೆಯಿಂದ ವಿನಯ್ ಕುಮಾರರು ಹೊರಟಂತೆ ರಾಯಚೂರಿನಿಂದಲೂ ಒಬ್ಬ ಬೌಲರು ಹೊರಡಬಹುದೆಂಬುದು ಇನ್ನು ಬರಿಯ ಆಸೆಯ ಮಾತಲ್ಲ.

ಆದರೂ ಈ ಸೀಮೆಯಲ್ಲಿ ಬೌಲರನಾಗುವುದು ಸುಲಭದ ಕೆಲಸವಲ್ಲ. ಬೇಸಗೆಯಲ್ಲಿ ಇಲ್ಲಿನ ಬಿಸಿಲು ನಲವತ್ತು ಡಿಗ್ರಿಯನ್ನು ದಾಟುವುದು ಪ್ರತಿ ವರ್ಷದ ಮಾತು. ಹೀಗಾಗಿ ಹುಡುಗರು ಆಡುವುದು ಮುಂಜಾನೆ ಇಲ್ಲವೇ ಇಳಿಹೊತ್ತಿನಲ್ಲಿ. ದೇವದುರ್ಗದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡದು. ಬೇಸಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಜೋಳವೋ ತೊಗರಿಯೋ ಕಟಾವಾದ ಹೊಲದಲ್ಲಿ ಹುಡುಗರು ಹೆಂಟೆಗಳನ್ನು ಒಡೆದು, ನೀರು ಚಿಮುಕಿಸಿ, ಕಾಲಿನಿಂದ ತುಳಿದು ತುಳಿದು ಒಂದು ಪಟ್ಟಿಯನ್ನು ಗಟ್ಟಿ ಮಾಡುತ್ತಾರೆ. ಅದರ ಮೇಲೆ ಬಿದ್ದ ಟೆನಿಸ್ ಚೆಂಡು ಒಮ್ಮೆ ಬಿರುಕಿನ ಅಂಚಿಗೆ ತಾಗಿ ಎದೆಯೆತ್ತರಕ್ಕೆ ಏರುತ್ತದೆ, ಇನ್ನೊಮ್ಮೆ ನೆಲಕ್ಕೆ ಅಂಟಿದಂತೆ ಸರಿದುಹೋಗುತ್ತದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗದ್ದೆಗಳು; ಕೊಯ್ಲಾದ ಮೇಲೆ ಕೂಳೆಗಳನ್ನು ಸವರಿದ ಗದ್ದೆಯೇ ಅಂಗಣ, ಬದುವೇ ಬೌಂಡರಿ. ಬದುವಿನ ಆಚೆಗೆ ಹೋದ ಚೆಂಡು ಕಾಲುವೆಯಲ್ಲಿ ತೇಲಿದರೆ ಆಟವೇ ನಿಲ್ಲುತ್ತದೆ. ರಾಯಚೂರು ನಗರದಲ್ಲಿ ಮಹಾತ್ಮ ಗಾಂಧಿ ಕ್ರೀಡಾಂಗಣವೂ ಶಾಲಾ ಕಾಲೇಜುಗಳ ಬಯಲುಗಳೂ ಇರುವುದರಿಂದ ಅಲ್ಲಿನ ಹುಡುಗರ ಸ್ಥಿತಿ ಕೊಂಚ ಮೇಲು. ಆದರೂ ತೊಗಲಿನ ಚೆಂಡಿಗೆ ಬೇಕಾದ ಹುಲ್ಲಿನ ಪಿಚ್ಚಿನ ಮೇಲೆ ಪ್ರತಿದಿನ ಎಸೆಯುವ ಭಾಗ್ಯವು ಎಲ್ಲರಿಗೂ ದೊರೆತಿಲ್ಲ.

ಟೆನಿಸ್ ಚೆಂಡಿನ ಆಟವು ಸ್ವಭಾವತಃ ದಾಂಡಿಗನ ಪಕ್ಷಪಾತಿ. ಚೆಂಡು ಹಗುರ, ಅಂಗಣ ಕಿರಿದು, ಓವರುಗಳು ಕಡಿಮೆ. ಎತ್ತಿ ಹೊಡೆದವನೇ ವೀರ. ಹಬ್ಬದ ಹೊತ್ತಿಗೆ ಊರೂರುಗಳಲ್ಲಿ ನಡೆಯುವ ಪಂದ್ಯಾವಳಿಗಳಲ್ಲಿ ಧ್ವನಿವರ್ಧಕವು ಸಿಕ್ಸರುಗಳನ್ನು ಕೂಗಿ ಹೇಳುತ್ತದೆ, ಬಹುಮಾನದ ಮೊತ್ತವು ಗೆದ್ದ ತಂಡಕ್ಕೆ ಹೋಗುತ್ತದೆ, ಹಾರವು ಹೆಚ್ಚು ರನ್ ಹೊಡೆದವನ ಕೊರಳಿಗೆ ಬೀಳುತ್ತದೆ. ನಾಲ್ಕು ಓವರುಗಳಲ್ಲಿ ಹತ್ತು ರನ್ ಕೊಟ್ಟು ಎದುರಾಳಿಯ ಉಸಿರು ಕಟ್ಟಿಸಿದ ಹುಡುಗನ ಹೆಸರನ್ನು ಬರೆದುಕೊಳ್ಳುವವರು ಅನೇಕ ಕಡೆಗಳಲ್ಲಿ ಇರುವುದಿಲ್ಲ. ತಂಡದ ಮೊತ್ತವನ್ನು ಬರೆದ ಕಾಗದವೇ ಮರುದಿನ ಎಲ್ಲಿಯೋ ಹೋಗಿಬಿಟ್ಟಿರುತ್ತದೆ. ಬೇಸ್‌ಬಾಲ್ ಗೆಲುವನ್ನು ಬೌಲರನಿಗೆ ಕೊಟ್ಟು ಒಂದು ತಪ್ಪು ಮಾಡಿತೆಂದರೆ, ನಮ್ಮ ಹಳ್ಳಿಯ ಆಟವು ಬೌಲರನ ಲೆಕ್ಕವನ್ನೇ ಬರೆಯದೆ ಅದಕ್ಕಿಂತ ದೊಡ್ಡ ತಪ್ಪನ್ನು ಮಾಡುತ್ತಿದೆ.

ಇದನ್ನು ತಿದ್ದುವುದಕ್ಕೆ ಕೋಟಿಗಟ್ಟಲೆ ಹಣವೇನೂ ಬೇಕಾಗಿಲ್ಲ. ಹುಲ್ಲಿನ ಪಿಚ್ಚುಗಳು ಬೇಕು, ಒಳ್ಳೆಯ ತರಬೇತುದಾರರು ಬೇಕು, ತಾಲ್ಲೂಕಿನ ಹುಡುಗನು ಜಿಲ್ಲಾ ಕೇಂದ್ರಕ್ಕೆ ಬಂದುಹೋಗಲು ಬಸ್ಸಿನ ಖರ್ಚಿಗೆ ನೆರವು ಬೇಕು. ಇವೆಲ್ಲವೂ ಸರ್ಕಾರದಿಂದಲೂ ಸಂಸ್ಥೆಗಳಿಂದಲೂ ಆಗಬೇಕಾದ ಕಾರ್ಯಗಳು, ಅವುಗಳಿಗೆ ಕಾಲ ಹಿಡಿಯುತ್ತದೆ. ಆದರೆ ಅಂಕಪುಸ್ತಕವೊಂದನ್ನು ಇಟ್ಟುಕೊಂಡು ಯಾರು ಎಷ್ಟು ಓವರ್ ಎಸೆದರು, ಎಷ್ಟು ರನ್ ಕೊಟ್ಟರು, ಎಷ್ಟು ವಿಕೆಟ್ ಪಡೆದರು ಎಂಬುದನ್ನು ಹೆಸರು, ಊರು, ದಿನಾಂಕಗಳ ಸಹಿತ ಬರೆದಿಡುವ ಕೆಲಸವು ನಾಳೆಯಿಂದಲೇ ಆಗಬಹುದಾದುದು. ಈಗಂತೂ ಮೊಬೈಲಿನಲ್ಲಿಯೇ ಚೆಂಡುಚೆಂಡಿಗೆ ಅಂಕ ಬರೆಯುವ ಸೌಕರ್ಯವಿದೆ. ಕಾಲೇಜಿಗೆ ಹೋಗುವ ಯಾವ ಹುಡುಗ ಹುಡುಗಿಯೂ ಅದನ್ನು ಒಂದು ಸಂಜೆಯಲ್ಲಿ ಕಲಿಯಬಲ್ಲರು. ಒಂದು ವರ್ಷದ ಪಂದ್ಯಾವಳಿಗಳ ಲೆಕ್ಕವನ್ನು ದೇವದುರ್ಗ, ಮಾನ್ವಿ, ರಾಯಚೂರುಗಳ ಕ್ರೀಡಾ ಸಂಘಗಳು ಒಟ್ಟುಗೂಡಿಸಿ, ವರ್ಷಾಂತ್ಯದಲ್ಲಿ ಅತ್ಯಧಿಕ ವಿಕೆಟ್ ಪಡೆದ ಹತ್ತು ಬೌಲರರ ಪಟ್ಟಿಯನ್ನು ಪ್ರಕಟಿಸಿದರೆ, ವಲಯದ ಆಯ್ಕೆಗಾರರು ಆ ಹುಡುಗರನ್ನು ಕರೆಸಿ ನೋಡಲು ಒಂದು ಆಧಾರ ದೊರೆಯುತ್ತದೆ. ಟೆನಿಸ್ ಚೆಂಡಿನ ವಿಕೆಟ್ಟುಗಳು ತೊಗಲಿನ ಚೆಂಡಿನ ವಿಕೆಟ್ಟುಗಳಿಗೆ ಸಮವಲ್ಲವೆಂಬ ಆಕ್ಷೇಪವು ಸರಿಯೇ. ಆದರೆ ಹುಡುಗನನ್ನು ನೆಟ್ಸಿಗೆ ಕರೆದು ತೊಗಲಿನ ಚೆಂಡನ್ನು ಅವನ ಕೈಗೆ ಕೊಡುವುದಕ್ಕೆ ಮೊದಲು ಅವನು ಇದ್ದಾನೆಂಬುದಾದರೂ ತಿಳಿಯಬೇಕಲ್ಲವೆ?

ಗಣೇಶರ 62, ಮಿಥುನರ 47, ವಿನಯ್ ಕುಮಾರರ 46 ಇಂದು ನಮಗೆ ಗೊತ್ತಿರುವುದು ಪ್ರತಿಯೊಂದು ಎಸೆತವನ್ನೂ ಯಾರೋ ಒಬ್ಬರು ಕುಳಿತು ಶ್ರದ್ಧೆಯಿಂದ ಬರೆದುದರಿಂದ. ಗೆಲುವು ಎಂದಿಗೂ ತಂಡದ್ದಾಗಿಯೇ ಇರಲಿ, ಅದನ್ನು ಹಂಚಿ ಒಬ್ಬನ ಕೊರಳಿಗೆ ಕಟ್ಟುವ ಅಗತ್ಯವಿಲ್ಲ. ಶ್ರಮವಾದರೋ ಪಟ್ಟವನದು, ಅದನ್ನು ಅವನ ಹೆಸರಿನಲ್ಲಿ ಬರೆದಿಡುವುದು ಆಟವನ್ನು ಪ್ರೀತಿಸುವವರೆಲ್ಲರ ಕರ್ತವ್ಯ. ಈ ಚಳಿಗಾಲದ ಪಂದ್ಯಾವಳಿಗಳನ್ನು ನಡೆಸುವ ಗೆಳೆಯರು ಪೆಂಡಾಲಿನ, ಧ್ವನಿವರ್ಧಕದ, ಬಹುಮಾನದ ಏರ್ಪಾಡುಗಳನ್ನು ಮಾಡುವಾಗ ಅಂಕ ಬರೆಯುವವರೊಬ್ಬರನ್ನು ಮೊದಲು ಗೊತ್ತುಮಾಡಿಕೊಳ್ಳಲಿ. ಮಿಕ್ಕ ಏರ್ಪಾಡುಗಳಿಗೆ ಆಮೇಲೆ ಕೈ ಹಾಕಲಿ.